ಕಪಾಟಿನವರೆಗೆ ಕರೆತರುವ ಕಾರ್ಯಕ್ರಮ

ಕೇಳುಗರಿಗೆ ನಮಸ್ಕಾರ.

ಗ್ರಂಥಾಲಯದಲ್ಲಿ ಕಾರ್ಯಕ್ರಮ ಚೆನ್ನಾಗಿ ನಡೆಯಿತೇ ಎಂದು ಕೇಳಿದರೆ ಬರುವ ಮೊದಲ ಉತ್ತರ ಕುರ್ಚಿಯ ಲೆಕ್ಕ. 80 ಜನ ಬಂದಿದ್ದರು, ಸಭಾಂಗಣ ತುಂಬಿತ್ತು, ಅಷ್ಟೇ. ಅವರಲ್ಲಿ ಎಷ್ಟು ಮಂದಿ ಹೊರಡುವಾಗ ಪುಸ್ತಕ ಎರವಲು ಪಡೆದರು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಕುರ್ಚಿ ತುಂಬಿಸಲು ಯಾವ ಸಭಾಭವನವಾದರೂ ಸಾಕು. ಬಂದವರನ್ನು ಕಪಾಟಿನವರೆಗೆ ಕರೆದೊಯ್ಯುವ ಕೆಲಸ ಗ್ರಂಥಾಲಯದ್ದು. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಸಿಗಬೇಕು ಎನ್ನುತ್ತದೆ. ಕಾರ್ಯಕ್ರಮವನ್ನು ಈ ಸೂತ್ರದಿಂದಲೇ ಯೋಜಿಸಲು ಶುರುಮಾಡಬೇಕು. ಯಾವ ಪುಸ್ತಕಗಳು ದೂಳು ಹಿಡಿದು ಕೂತಿವೆ, ಅವು ಯಾರ ಕೈ ಸೇರಬೇಕು, ಆ ಓದುಗರು ಯಾವ ಹೊತ್ತಿನಲ್ಲಿ ಬರಬಲ್ಲರು. ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ವಿಷಯ ಗೊತ್ತುಮಾಡಿ.

ಮೊದಲು ಚಿಕ್ಕ ಮಕ್ಕಳ ಕಥಾ ಸಮಯ. ಮೂರರಿಂದ ಐದು ವರ್ಷದ ಮಕ್ಕಳಿಗೆ ಒಟ್ಟು 30 ನಿಮಿಷ ಸಾಕು, ಗುಂಪಿನಲ್ಲಿ 20 ಮಕ್ಕಳಿಗಿಂತ ಹೆಚ್ಚು ಬೇಡ. ಸಾಮಾನ್ಯ ಅಳತೆಯ ಚಿತ್ರಪುಸ್ತಕ ಮೂರನೇ ಸಾಲಿನಾಚೆಗೆ ಸರಿಯಾಗಿ ಕಾಣುವುದಿಲ್ಲ. ಕಾಣದ ಮಗು ಎದ್ದು ನಿಲ್ಲುತ್ತದೆ, ಹಿಂದಿನ ಮಗುವಿಗೆ ಮರೆಯಾಗುತ್ತದೆ, ಅಲ್ಲಿಂದ ಗಲಾಟೆ. ಮಕ್ಕಳು ತುಂಟರಾಗಿರುವುದರಿಂದಲ್ಲ, ಚಿತ್ರ ಕಾಣದಿರುವುದರಿಂದ ಹೆಚ್ಚಿನ ಕಥಾ ಸಮಯಗಳು ಕೆಡುತ್ತವೆ. ಓದುವವರು ಕಿಟಕಿಗೆ ಬೆನ್ನು ಹಾಕಿ ಕೂರಬಾರದು, ಹಿಂದಿನ ಬೆಳಕಿಗೆ ಪುಟ ಕಪ್ಪಾಗಿ ಕಾಣುತ್ತದೆ. ಬರಿಯ ಗೋಡೆ ಬೆನ್ನಿಗಿರಲಿ, ಬಾಗಿಲು ಮಕ್ಕಳ ಬೆನ್ನಿನ ಕಡೆಗಿರಲಿ. ಪುಸ್ತಕವನ್ನು ಕೆನ್ನೆಯ ಪಕ್ಕಕ್ಕೆ ಹಿಡಿದು, ಕೆಳತುದಿಯಿಂದ ಪುಟ ಮಗುಚಿ. ಮೇಲಿನಿಂದ ಮಗುಚಿದರೆ ಪ್ರತಿ ಸಲವೂ ತೋಳು ಚಿತ್ರಕ್ಕೆ ಅಡ್ಡ ಬರುತ್ತದೆ.

ಆರಂಭಕ್ಕೆ ಪ್ರತಿ ಸಲವೂ ಅದೇ ಹಾಡು. ಹಾಡು ಕೇಳಿದೊಡನೆ ಮಕ್ಕಳು ತಾವಾಗಿಯೇ ಬಂದು ಕೂರುವುದನ್ನು ನಾಲ್ಕೈದು ಸಲದಲ್ಲಿ ನೋಡಬಹುದು. ಎರಡು ಪುಸ್ತಕಗಳಿದ್ದರೆ ಉದ್ದನೆಯದನ್ನು ಮೊದಲು ಓದಿ, ಚಿಕ್ಕದನ್ನು ಆಮೇಲೆ. ಗಮನ ಗಟ್ಟಿಯಾಗಿರುವುದು ಮೊದಲ ಹತ್ತು ನಿಮಿಷ ಮಾತ್ರ. ನಡುವೆ ಎದ್ದು ಕುಣಿಯುವ, ಕೈಕಾಲು ಆಡಿಸುವ ಒಂದು ಪದ್ಯ ಇರಲೇಬೇಕು. ಓದುವಾಗ ‘ಇದೇನು?’ ಎಂದು ಕೇಳಿದರೆ ಒಂದು ಪದದ ಉತ್ತರ ಬರುತ್ತದೆ. ‘ಅವನು ಈಗ ಏನು ಮಾಡಬಹುದು?’ ಎಂದು ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲಿ ಹೆತ್ತವರು ಒಂದು ತಿಂಗಳು ಹೀಗೆ ಪ್ರಶ್ನೆ ಕೇಳುತ್ತ ಓದಿದಾಗ ಪುಟ್ಟ ಮಕ್ಕಳ ಮಾತುಗಾರಿಕೆ ಮುಂದುವರಿದದ್ದು ಕಂಡುಬಂತು. ಆದ್ದರಿಂದ ಹೆತ್ತವರನ್ನು ಹೊರಗೆ ಕಾಯಿಸದೆ ಮಕ್ಕಳ ಹಿಂದೆಯೇ ಕೂರಿಸಿ. ಅವರು ಕೇಳಿಸಿಕೊಂಡ ಪ್ರಶ್ನೆಗಳು ಮನೆಗೂ ಹೋಗುತ್ತವೆ.

ಕರಕುಶಲ ಕೆಲಸ ಸೇರಿಸುವುದಾದರೆ ಹತ್ತು ನಿಮಿಷಕ್ಕೆ ಮೀರದಿರಲಿ. ಆಕಾರಗಳನ್ನು ಮೊದಲೇ ಕತ್ತರಿಸಿಟ್ಟು, ಅಂಟಿಸುವುದನ್ನಷ್ಟೇ ಮಕ್ಕಳಿಗೆ ಬಿಡಿ. ನೀರಾಗಿರುವ ಅಂಟು ಕಾಗದವನ್ನು ನೆನೆಸಿ ಸುಕ್ಕುಗಟ್ಟಿಸುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಅದರ ಬದಲು ಅಂಟಿನ ಕಡ್ಡಿ ಕೊಡಿ. ಎಂಟು ಮಕ್ಕಳಿಗೆ ನಾಲ್ಕು ಕಡ್ಡಿ ಇಟ್ಟರೆ ಜಗಳ ಖಚಿತ, ಎಂಟೂ ಇರಲಿ. ಕಾರ್ಯಕ್ರಮದ ಹಿಂದಿನ ದಿನ ಮಾದರಿಯೊಂದನ್ನು ನೀವೇ ಪೂರ್ತಿ ಮಾಡಿ ನೋಡಿ. ನಿಮಗೆ ಐದು ನಿಮಿಷ ಹಿಡಿದರೆ ಮಕ್ಕಳಿಗೆ ಹದಿನೈದು ಹಿಡಿಯುತ್ತದೆ, ಹಾಗಾದರೆ ಅದನ್ನು ಇನ್ನೂ ಸರಳ ಮಾಡಬೇಕು. ಮಕ್ಕಳಿರುವ ಕೋಣೆಯಲ್ಲಿ ಇಬ್ಬರು ಹಿರಿಯರು ಯಾವಾಗಲೂ ಇರಬೇಕು. ಫೋಟೊ ತೆಗೆಯುವ ಮೊದಲು ಹೆತ್ತವರ ಒಪ್ಪಿಗೆ ಪಡೆಯಬೇಕು. ಇವೆರಡರಲ್ಲಿ ರಿಯಾಯಿತಿ ಇಲ್ಲ.

ಹದಿಹರೆಯದವರ ವಿಷಯಕ್ಕೆ ಬಂದರೆ ಗ್ರಂಥಾಲಯಗಳು ಹೆಚ್ಚು ಎಡವುವುದು ಇಲ್ಲಿ. ಹದಿನೈದರ ಹುಡುಗಿ ‘ಮಕ್ಕಳ ವಿಭಾಗ’ ಎಂಬ ಫಲಕದ ಕೆಳಗೆ ಕೂರಲಾರಳು, ಹಿರಿಯರ ಉಪನ್ಯಾಸದಲ್ಲೂ ಅವಳಿಗೆ ಜಾಗವಿಲ್ಲ. ಅವರಿಗಾಗಿ ನಾವೇ ಆರಿಸಿ, ನಾವೇ ಪೋಸ್ಟರ್ ಬರೆದು, ನಾವೇ ಮಾತಾಡಿದರೆ ಯಾರೂ ಬರುವುದಿಲ್ಲ. ಆರರಿಂದ ಎಂಟು ಮಂದಿಯ ಒಂದು ಬಳಗ ಕಟ್ಟಿ ಅವರಿಗೆ ನಿಜವಾದ ಅಧಿಕಾರ ಕೊಡಿ. ಸಲಹೆ ಕೇಳಿ ಪಕ್ಕಕ್ಕಿಡುವುದು ಅಧಿಕಾರವಲ್ಲ. ವಿಷಯ ಯಾವುದು, ದಿನ ಯಾವುದು, ಗೋಡೆಗೆ ಏನು ಅಂಟಿಸಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಪರೀಕ್ಷೆಯ ವೇಳಾಪಟ್ಟಿಯನ್ನು ವರ್ಷದ ಆರಂಭದಲ್ಲೇ ಮೇಜಿನ ಮೇಲಿಟ್ಟುಕೊಳ್ಳಿ. ಆ ವಾರಗಳಲ್ಲಿ ಕಾರ್ಯಕ್ರಮ ಬೇಡ, ತಡರಾತ್ರಿಯವರೆಗೆ ತೆರೆದ ಓದುಕೋಣೆಯೇ ಅವರಿಗೆ ದೊಡ್ಡ ಉಪಕಾರ.

ಅವರಿಗೆ ಹಿಡಿಸುವ, ಖರ್ಚೂ ಇಲ್ಲದ ಒಂದು ಕೆಲಸವನ್ನು ಬಿಡಿಸಿ ಹೇಳುತ್ತೇನೆ. ಒಂದೇ ಎ4 ಹಾಳೆಯಲ್ಲಿ ಎಂಟು ಪುಟದ ಕಿರುಪತ್ರಿಕೆ. ಹಾಳೆಯನ್ನು ಅಗಲಕ್ಕೆ ಇಟ್ಟುಕೊಂಡು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಿಸಿ, ಪ್ರತಿ ಸಲವೂ ಉದ್ದದ ಬದಿ ಅರ್ಧವಾಗಬೇಕು. ಬಿಚ್ಚಿದರೆ ಎಂಟು ಚೌಕಟ್ಟು, ಒಂದೊಂದೂ ಸುಮಾರು 74 ಮಿಲಿಮೀಟರ್ ಅಗಲ, 105 ಮಿಲಿಮೀಟರ್ ಎತ್ತರ. ಈಗ ಗಿಡ್ಡ ಅಂಚುಗಳು ಒಂದಕ್ಕೊಂದು ತಾಗುವಂತೆ ಒಮ್ಮೆ ಮಾತ್ರ ಮಡಿಸಿ, ಮಡಿಕೆಯ ಕಡೆಯಿಂದ ನಡುಗೆರೆಯ ಗುಂಟ ಮೊದಲ ಅಡ್ಡಗೆರೆಯವರೆಗೆ ಕತ್ತರಿಸಿ. ತೆರೆದ ಅಂಚಿನ ಕಡೆಯಿಂದ ಕತ್ತರಿಸಿದರೆ ಹಾಳೆಯ ಎರಡೂ ತುದಿ ಸೀಳಿ ಪುಸ್ತಕವಾಗುವುದಿಲ್ಲ. ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಇದೇ. ಆಮೇಲೆ ಹಾಳೆ ಬಿಚ್ಚಿ, ಉದ್ದನೆಯ ಅಂಚುಗಳು ಕೂಡುವಂತೆ ಮಡಿಸಿ, ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ನಡುವಿನ ಸೀಳು ಬಾಯಿ ತೆರೆದು ಹಾಳೆ ಕೂಡುಚಿಹ್ನೆಯಂತೆ ನಿಲ್ಲುತ್ತದೆ. ಅದನ್ನು ಒಂದೇ ದಿಕ್ಕಿಗೆ ಸುತ್ತಿ ಮಡಿಸಿದರೆ ಪುಸ್ತಕ ಸಿದ್ಧ.

ಬರೆಯುವ ಮುಂಚೆ ಇನ್ನೊಂದು ಹಾಳೆಯಲ್ಲಿ ಇದನ್ನು ಮಾಡಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿ ಬಿಚ್ಚಿ ನೋಡಬೇಕು. ನಾಲ್ಕು ಪುಟ ತಲೆಕೆಳಗಾಗಿರುತ್ತವೆ. ಇದನ್ನು ನೋಡದೆ ಬರೆದವರ ಅರ್ಧ ಪತ್ರಿಕೆ ಉಲ್ಟಾ ಆಗುತ್ತದೆ. ಬರೆದ ಮೂಲ ಹಾಳೆಯನ್ನು ಕತ್ತರಿಸಬೇಡಿ, ಸೀಳಿನ ಗೆರೆ ಜೆರಾಕ್ಸ್‌ನಲ್ಲಿ ನೆರಳಾಗಿ ಮೂಡುತ್ತದೆ. ಪ್ರತಿಗಳನ್ನು ತೆಗೆದು ಅವನ್ನೇ ಕತ್ತರಿಸಿ. ಕಪ್ಪು ಪೆನ್ನು ಬಳಸಲಿ, ತಿಳಿ ಪೆನ್ಸಿಲ್ ಮತ್ತು ಹಳದಿ ಬಣ್ಣ ಪ್ರತಿಯಲ್ಲಿ ಮಾಯವಾಗುತ್ತವೆ. ಹೊರ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಡಲಿ, ಯಂತ್ರ ಅಲ್ಲಿವರೆಗೆ ಅಚ್ಚು ಹಾಕುವುದಿಲ್ಲ. ಮುಗಿದ ಮೇಲೆ ಹತ್ತು ಪ್ರತಿಗೆ ನೋಂದಣಿ ಸಂಖ್ಯೆ ಕೊಟ್ಟು ಕಪಾಟಿಗೆ ಸೇರಿಸಿ, ಎರವಲು ಕೊಡಿ. ತನ್ನ ಪತ್ರಿಕೆ ಪುಸ್ತಕಗಳ ಪಕ್ಕದಲ್ಲಿ ನಿಂತಿರುವುದನ್ನು ಕಂಡ ಹುಡುಗ ಗೆಳೆಯರನ್ನು ಕರೆದುಕೊಂಡು ಮತ್ತೆ ಬರುತ್ತಾನೆ.

ಬೀಗದ ಆಟವೂ ಚೆನ್ನಾಗಿ ನಡೆಯುತ್ತದೆ. ಮೂರಂಕಿಯ ಬೀಗ ಹಾಕಿದ ಪೆಟ್ಟಿಗೆ, ಅಂಕಿಗಳು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಅಡಗಿರುತ್ತವೆ. ಗ್ರಹಗಳ ಒಗಟು ಬಿಡಿಸಿದವರು 523ಕ್ಕೆ, ಸಸ್ತನಿಗಳ ಒಗಟು ಬಿಡಿಸಿದವರು 599ಕ್ಕೆ ಹೋಗುತ್ತಾರೆ. ತಂಡಕ್ಕೆ ನಾಲ್ಕೈದು ಮಂದಿ, ಆರು ಸುಳಿವು, 45 ನಿಮಿಷ. ಸುಳಿವಿನ ಚೀಟಿ ಇಟ್ಟ ಪುಸ್ತಕವನ್ನು ಯಾರಾದರೂ ಎರವಲು ಒಯ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಆ ಪುಸ್ತಕಗಳನ್ನು ಮೊದಲೇ ಕಾದಿರಿಸಿ. ಒಗಟು ಬರೆದವರಿಗೆ ಎಲ್ಲವೂ ಸುಲಭವೆನ್ನಿಸುತ್ತದೆ. ಉತ್ತರ ಗೊತ್ತಿಲ್ಲದ ಇಬ್ಬರಿಂದ ಆಡಿಸಿ ನೋಡದೆ ಆಟ ತೆರೆಯಬೇಡಿ.

ಇನ್ನು ದೊಡ್ಡವರು. ಅವರಿಗೆ ಬಿಡುವು ಕಡಿಮೆ, ಅದಕ್ಕೇ ಶುರುವಾಗುವ ಹೊತ್ತಿನಷ್ಟೇ ಮುಗಿಯುವ ಹೊತ್ತನ್ನೂ ಪ್ರಕಟಣೆಯಲ್ಲಿ ಬರೆದು, ಅದರಂತೆ ನಡೆಯಬೇಕು. ಓದುಗರ ಬಳಗಕ್ಕೆ ಎಂಟರಿಂದ ಹನ್ನೆರಡು ಮಂದಿ, 90 ನಿಮಿಷ. ಪುಸ್ತಕವನ್ನು ಆರು ವಾರ ಮೊದಲೇ ಘೋಷಿಸಿ. ಪ್ರತಿಗಳು ಸಾಕಷ್ಟು ಇಲ್ಲದಿದ್ದರೆ ಆ ಪುಸ್ತಕ ಬೇಡ, ಓದಲು ಸಿಗದವರು ಬರಲು ಸಂಕೋಚಪಡುತ್ತಾರೆ. ‘ಪುಸ್ತಕ ಹೇಗಿತ್ತು?’ ಎಂದು ಶುರುಮಾಡಿದರೆ ಚೆನ್ನಾಗಿತ್ತು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಒಂದು ಪುಟ ಜೋರಾಗಿ ಓದಿ, ಆ ಪಾತ್ರ ಹಾಗೇಕೆ ಮಾಡಿತು ಎಂದು ಕೇಳಿದರೆ ಮಾತು ಹರಿಯುತ್ತದೆ. ಒಬ್ಬರೇ ಮಾತಾಡುತ್ತಿದ್ದರೆ ಮುಂದಿನ ಸುತ್ತನ್ನು ಅವರ ಎದುರಿನ ಕುರ್ಚಿಯಿಂದ ಆರಂಭಿಸಿ.

ಫೋನ್ ಮತ್ತು ಕಂಪ್ಯೂಟರ್ ಕಲಿಸುವಾಗ ಒಬ್ಬರಿಗೆ ಒಬ್ಬರು, 20 ನಿಮಿಷ. ಅವರ ಕೈಯಿಂದ ಫೋನ್ ತೆಗೆದುಕೊಳ್ಳಬೇಡಿ, ನಿಮ್ಮ ಬೆರಳು ಒತ್ತಿದ್ದನ್ನು ಅವರ ಬೆರಳು ಕಲಿಯುವುದಿಲ್ಲ. ಪಾಸ್‌ವರ್ಡ್ ಹಾಕುವಾಗ ಮುಖ ಆಚೆ ತಿರುಗಿಸಿ. ಡೆನ್ಮಾರ್ಕಿನಲ್ಲಿ 2000ದಲ್ಲಿ ಆರಂಭವಾದ ಮಾನವ ಗ್ರಂಥಾಲಯದ ಪದ್ಧತಿಯನ್ನೂ ಯೋಚಿಸಬಹುದು. ಅಲ್ಲಿ ಪುಸ್ತಕದ ಬದಲು ಒಬ್ಬ ವ್ಯಕ್ತಿಯನ್ನೇ ಮಾತುಕತೆಗೆ ಎರವಲು ಪಡೆಯುತ್ತಾರೆ. ಉತ್ತರಿಸಲು ಇಷ್ಟವಿಲ್ಲದ ಪ್ರಶ್ನೆಗೆ ಬೇಡ ಎನ್ನುವ ಹಕ್ಕು ಆ ವ್ಯಕ್ತಿಗೆ ಇದೆ ಎಂದು ಎಲ್ಲರಿಗೂ ಮೊದಲೇ ತಿಳಿಸಬೇಕು. ಎಳೆಯ ಮಕ್ಕಳ ತಾಯಂದಿರು, ತಂದೆಯರು ಬರುವಂತಾಗಬೇಕಾದರೆ ಮಕ್ಕಳ ಕಾರ್ಯಕ್ರಮವನ್ನು ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಇಡಿ.

ಯೋಜನೆಯ ಲೆಕ್ಕ ಹೀಗಿರಲಿ. ಎಂಟು ವಾರ ಮೊದಲು ವಿಷಯ ಮತ್ತು ಕೋಣೆ, ಆರು ವಾರಕ್ಕೆ ಮುಂಚೆ ನಡೆಸಿಕೊಡುವವರ ಒಪ್ಪಿಗೆ, ಮೂರು ವಾರ ಇರುವಾಗ ಪ್ರಚಾರ, ಹಿಂದಿನ ದಿನ ನೋಂದಾಯಿಸಿದವರಿಗೆ ನೆನಪಿನ ಸಂದೇಶ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಸಿಬ್ಬಂದಿಯ ಮೂರು ಗಂಟೆ ತಯಾರಿಯನ್ನು ಖರ್ಚಿನಲ್ಲೇ ಸೇರಿಸಿ. ಅದನ್ನು ಮರೆತ ಕಡೆ ತಿಂಗಳಿಗೆ ಎಂಟು ಕಾರ್ಯಕ್ರಮ ಘೋಷಿಸಿ, ಮೂರನೇ ತಿಂಗಳಿಗೆ ಎಲ್ಲರೂ ದಣಿದು ಎಲ್ಲವೂ ನಿಲ್ಲುತ್ತದೆ. ತಿಂಗಳಿಗೆ ಎರಡೇ ಇರಲಿ, ತಪ್ಪದೆ ನಡೆಯಲಿ. ಹೊಸ ಕಾರ್ಯಕ್ರಮಕ್ಕೆ ಮೊದಲ ಸಲ ಐದೇ ಜನ ಬಂದರೆಂದು ಕೈಬಿಡಬೇಡಿ, ಒಂದೇ ದಿನ, ಒಂದೇ ಹೊತ್ತಿಗೆ ನಾಲ್ಕು ಸಲ ನಡೆಸಿ ಆಮೇಲೆ ತೀರ್ಮಾನಿಸಿ.

ಪ್ರತಿ ಕಾರ್ಯಕ್ರಮದ ಬಾಗಿಲ ಬಳಿ ಒಂದು ಮೇಜು, ಮೇಲೆ ಆ ವಿಷಯದ 15ರಿಂದ 20 ಪುಸ್ತಕ. ಮುಖಪುಟ ಕಾಣುವಂತೆ ನಿಲ್ಲಿಸಿ, ಬೆನ್ನು ಮಾತ್ರ ಕಂಡರೆ ಕೈ ಹೋಗುವುದಿಲ್ಲ. ‘ಎರವಲು ಪಡೆಯಬಹುದು’ ಎಂಬ ಫಲಕ ಇಡಿ, ಇಲ್ಲವಾದರೆ ಅದನ್ನು ಪ್ರದರ್ಶನವೆಂದು ತಿಳಿದು ಯಾರೂ ಮುಟ್ಟುವುದಿಲ್ಲ. ಎರವಲು ದಾಖಲಿಸುವವರು ಮುಗಿದ ಮೇಲೂ ಅರ್ಧ ಗಂಟೆ ಕುಳಿತಿರಲಿ. ಎಲ್ಲರೂ ಹೋದ ಮೇಲೆ ಮೇಜಿನ ಮೇಲಿನ ಖಾಲಿ ಜಾಗಗಳನ್ನು ಎಣಿಸಿ, ಬಂದವರ ಸಂಖ್ಯೆಯ ಪಕ್ಕದಲ್ಲಿ ಬರೆಯಿರಿ. ಯಾವ ಪುಸ್ತಕ ಮೊದಲು ಹೋಯಿತು, ಯಾವುದನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟರು ಎಂಬುದನ್ನೂ ಅವತ್ತೇ ಬರೆದಿಡಿ, ಮುಂದಿನ ಕಾರ್ಯಕ್ರಮದ ವಿಷಯ ಹೆಚ್ಚಾಗಿ ಆ ಸಾಲಿನಲ್ಲೇ ಸಿಗುತ್ತದೆ.

ನಮಸ್ಕಾರ.