ಘೋಷಣೆ ಬೇಡ, ವಸ್ತು ತೋರಿಸಿ: ದಾವಣಗೆರೆಯ ಒಂದು ಅಚ್ಚುಚಿತ್ರ ಕಾರ್ಯಾಗಾರ

ನಮಸ್ಕಾರ. ದಾವಣಗೆರೆ ವ್ಲಾಗ್ ಅಂದ ಕೂಡಲೇ ಬೆಣ್ಣೆ ದೋಸೆಗೆ ಕಾದು ಕೂತವರಿಗೆ ಮೊದಲೇ ಹೇಳಿಬಿಡುತ್ತೇನೆ, ಇವತ್ತು ದೋಸೆ ಇಲ್ಲ. ಈ ಗಾಜಿನ ಮೇಲೆ ಕಪ್ಪಗೆ ಹರಡಿರುವುದು ಅಚ್ಚು ಹಾಕುವ ಇಂಕು. ನೆಲದ ತುಂಬಾ ಬಿದ್ದಿರುವುದು ಲಿನೋ ಶೀಟಿನ ಚೂರುಗಳು.

ಬಡಾವಣೆಯ ಸಮುದಾಯ ಭವನದಲ್ಲಿ ಅಚ್ಚುಚಿತ್ರದ ಕಾರ್ಯಾಗಾರ ನಡೆಯುತ್ತಿದೆ. ಕೊಟ್ಟಿರುವ ವಿಷಯ ಸ್ವಾತಂತ್ರ್ಯ. ಬಂದವರಲ್ಲಿ ಕಲಾವಿದರು ಯಾರೂ ಇಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕ, ಹಾಸ್ಟೆಲ್ ಹುಡುಗಿಯರು, ಆಟೊ ಓಡಿಸುವ ಅಣ್ಣ, ರಿಟೈರ್ ಆದ ಮೇಷ್ಟ್ರು, ಚಿತ್ರದುರ್ಗ ಜಿಲ್ಲೆಯ ತುರುವನೂರು ಕಡೆಯ ಒಬ್ಬ ಅಜ್ಜ. ಕಲಿಸುತ್ತಿರುವ ಮೇಡಂ ನಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲೇ ಓದಿದವರು. 1964ರಿಂದ ಇರುವ ಕಾಲೇಜು ಅದು. ಹೊರಗಿನವರು ಹುಡುಕಿಕೊಂಡು ಬಂದು ಓದುತ್ತಾರೆ, ನಮ್ಮಲ್ಲಿ ಎಷ್ಟೋ ಜನ ಒಳಗೆ ಕಾಲಿಟ್ಟಿಲ್ಲ.

ಕೆಲಸ ಹೇಗೆ ಅಂದರೆ, ಲಿನೋ ಶೀಟನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಡುತ್ತಾರೆ. ಅಗಸೆ ಎಣ್ಣೆ, ಕಾರ್ಕ್ ಪುಡಿ ಸೇರಿಸಿ ಮಾಡಿದ ಶೀಟು, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಚಿತ್ರ ಬರೆದು ಸಣ್ಣ ಉಳಿಯಲ್ಲಿ ಕೆತ್ತಬೇಕು. ಕೆತ್ತಿದ ಜಾಗ ಬಿಳಿ, ಉಳಿದದ್ದು ಕಪ್ಪು. ರೋಲರಿನಲ್ಲಿ ಇಂಕು ಹಚ್ಚಿ, ಕಾಗದ ಇಟ್ಟು, ಊಟದ ಚಮಚದ ಬೆನ್ನಿನಿಂದ ಉಜ್ಜಿದರೆ ಆಯಿತು. ಮಷೀನು ಬೇಡ, ಕರೆಂಟೂ ಬೇಡ. ಉಳಿಯ ಮುಂದೆ ಇನ್ನೊಂದು ಕೈ ಇಡಬಾರದು, ಅದೊಂದು ನೆನಪಿರಲಿ.

ಮೊದಲ ಸುತ್ತಿನಲ್ಲಿ ಎಲ್ಲರೂ ಬರೆದದ್ದು ಪಾರಿವಾಳ, ಮುರಿದ ಸರಪಳಿ, ಬಾವುಟ. ಕೆಳಗೆ ದಪ್ಪಗೆ ಒಂದು ಘೋಷಣೆ. ನಿಜ ಹೇಳಬೇಕೆಂದರೆ ನನಗೆ ಬೇಜಾರಾಯಿತು. ಆಗಸ್ಟ್ ತಿಂಗಳ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಇದೇ ತಾನೆ ಇರುವುದು?

ಆದರೆ ಲಿನೋ ಒಂದು ಉಪಕಾರ ಮಾಡಿತು. ಅಚ್ಚಿನಲ್ಲಿ ಎಲ್ಲ ತಿರುಗಿ ಬರುತ್ತದಲ್ಲ, ಹಾಗಾಗಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಕೆತ್ತಬೇಕು. ಅಂಗೈ ಅಗಲದ ತುಂಡಿನ ಮೇಲೆ, ತಿರುಗಿಸಿ, "ಸ್ವಾತಂತ್ರ್ಯ" ಅಂತ ಕೆತ್ತಿ ನೋಡಿ! "ತ್ರ್ಯ" ಬರುವ ಹೊತ್ತಿಗೆ ಒತ್ತಕ್ಷರ ಎಲ್ಲ ಕಿತ್ತುಕೊಂಡು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಘೋಷಣೆ ಕೈಬಿಟ್ಟರು. ಆಮೇಲೆ ಮೇಡಂ ಕೇಳಿದರು: "ಅಕ್ಷರ ಇಲ್ಲದೆ ಹೇಳಬೇಕಾದರೆ, ಯಾವ ವಸ್ತು ತೋರಿಸ್ತೀರಿ?"

ಅದಕ್ಕೆ ಉದಾಹರಣೆಯಾಗಿ ಬಂಗಾಳದ ಕಲಾವಿದ ನಂದಲಾಲ್ ಬೋಸ್ ಅವರ "ಬಾಪೂಜಿ" ತೋರಿಸಿದರು. 1930, ಉಪ್ಪಿನ ಸತ್ಯಾಗ್ರಹದ ವರ್ಷದ ಲಿನೋ ಅಚ್ಚು. ಕಪ್ಪು ಹಿನ್ನೆಲೆ, ಬಿಳಿ ಗೆರೆ, ಕೋಲು ಹಿಡಿದು ನಡೆಯುವ ಒಬ್ಬ ಮನುಷ್ಯ. ಸರಪಳಿ ಇಲ್ಲ, ಪಾರಿವಾಳ ಇಲ್ಲ. ಆ ಹೆಜ್ಜೆಯೇ ಸಾಕು.

ಮೇಷ್ಟ್ರು ಮಾತ್ರ ಪಟ್ಟು ಬಿಡಲಿಲ್ಲ. ಅವರಿಗೆ ಸಂವಿಧಾನದ ಪೀಠಿಕೆಯನ್ನೇ ಪೂರ್ತಿ ಕೆತ್ತಬೇಕು! ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಸಂವಿಧಾನದ ಮೂಲ ಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರು ಕೈಯಲ್ಲೇ ಬರೆದದ್ದು, ಗೊತ್ತಾ?" ಅಂದರು. ಪುಟಗಳ ಅಲಂಕಾರ ಅದೇ ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ತಂಡದ್ದು. ಪೀಠಿಕೆಯ ಪುಟ ಬಿಯೋಹರ್ ರಾಮಮನೋಹರ್ ಸಿನ್ಹಾ ಅವರದು. ಅಚ್ಚು ಹಾಕಿದ್ದು ಡೆಹ್ರಾಡೂನ್‌ನ ಸರ್ವೆ ಆಫ್ ಇಂಡಿಯಾದಲ್ಲಿ. ದೇಶದ ನಕ್ಷೆ ಅಚ್ಚು ಹಾಕುವ ಕಚೇರಿ ಅದು. ಮೇಷ್ಟ್ರು ಕೊನೆಗೆ "ನಾವು" ಅನ್ನುವ ಎರಡೇ ಅಕ್ಷರಕ್ಕೆ ಒಪ್ಪಿದರು. ಚೆನ್ನಾಗಿಯೇ ಬಂದಿದೆ, ನೋಡಿ.

ಈಗ ಅಜ್ಜನ ಅಚ್ಚು. ಒಂದು ಈಚಲು ಮರ, ಬುಡದಲ್ಲಿ ಕೊಡಲಿ. 1939ರಲ್ಲಿ ತುರುವನೂರಿನಲ್ಲಿ ಜನ ಕಾನೂನು ಮುರಿದು, ಹೆಂಡ ಇಳಿಸುವ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು. ನಿಜಲಿಂಗಪ್ಪನವರೂ ಅದರಲ್ಲಿ ಇದ್ದರು. ಹೆಂಡದ ವಿರುದ್ಧ, ಹೆಂಡದಿಂದ ಆದಾಯ ಎತ್ತುವ ಸರ್ಕಾರದ ವಿರುದ್ಧ. ಆಗ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ, ಬೇರೆಯಾದದ್ದು 1997ರಲ್ಲಿ.

ಹಾಸ್ಟೆಲ್ ಹುಡುಗಿಯೊಬ್ಬಳು ಸುಮ್ನಿರಲಿಲ್ಲ. "ಮರ ಕಡಿಯೋದು ಸ್ವಾತಂತ್ರ್ಯ ಹೇಗಾಗುತ್ತೆ ಅಜ್ಜಾ?"

"ಮರದ ಮೇಲೆ ಸಿಟ್ಟಿರಲಿಲ್ಲ ಕಣವ್ವ. ಮುಟ್ಟಬೇಡ ಅಂದಿದ್ರಲ್ಲ, ಅದಕ್ಕೆ ಮುಟ್ಟಿದ್ರು."

ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಈಗ ಆದರೆ ಮರ ತಬ್ಬಿಕೊಂಡು ನಿಲ್ಲಬೇಕು ಅಂದಳು. ಆಗಲಿ, ಅದನ್ನೂ ಕೆತ್ತು ಅಂದರು ಅಜ್ಜ. ಅವಳು ಕೆತ್ತಿದ್ದು ಬೇರೆ: ಹಾಸ್ಟೆಲ್ ಗೇಟು, ಅದರ ಮೇಲೆ ಆರೂವರೆ ತೋರಿಸುವ ಗಡಿಯಾರ. ಹುಡುಗರ ಹಾಸ್ಟೆಲ್ಲಿಗೆ ಗಡಿಯಾರ ಇಲ್ವಾ ಅನ್ನುವುದು ಅವಳ ಪ್ರಶ್ನೆ.

ಆಟೊ ಅಣ್ಣ ಶಾಯಿ ಹಚ್ಚಿದ ಬೆರಳು ಕೆತ್ತಿದರು.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಬಟ್ಟೆ ಅಂಗಡಿ ಅಕ್ಕನದು. ಒಂದು ಸ್ಟೂಲು, ಅಷ್ಟೇ. ಬೆಳಿಗ್ಗೆಯಿಂದ ರಾತ್ರಿವರೆಗೆ ಸೀರೆ ಬಿಚ್ಚಿ ತೋರಿಸಿ ಮಡಚುವ ಕೆಲಸ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕಾನೂನನ್ನೇ ತಿದ್ದುಪಡಿ ಮಾಡಿದವು. ಅಕ್ಕನಿಗೆ ಈ ವಿಷಯ ಗೊತ್ತಿರಲಿಲ್ಲ. ಮೇಡಂ ಹೇಳಿದಾಗ, "ಹಂಗಾದ್ರೆ ನಾನೊಬ್ಬಳೇ ಸೋಮಾರಿ ಅಲ್ಲ" ಅಂತ ನಕ್ಕರು. ಸಮಾನತೆ, ಘನತೆ ಅಂತ ಭಾಷಣದಲ್ಲಿ ಎಷ್ಟು ಕೇಳಿದ್ದೇವೆ. ಈ ಮೂರು ಕಾಲಿನ ಸ್ಟೂಲಿನಷ್ಟು ನೇರವಾಗಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಸಂಜೆ ಮಿರ್ಚಿ ಮಂಡಕ್ಕಿ ಆದಮೇಲೆ ಹಂಚಿಕೊಳ್ಳುವ ಕೆಲಸ. ಒಂದೇ ಬ್ಲಾಕಿನಿಂದ ಎಷ್ಟೋ ಪ್ರತಿ ತೆಗೆಯಬಹುದಲ್ಲ, ಎಲ್ಲರ ಅಚ್ಚೂ ಎಲ್ಲರಿಗೂ ಸಿಕ್ಕಿತು. ಕೆಳಗೆ ಪೆನ್ಸಿಲಿನಲ್ಲಿ ಪ್ರತಿಯ ನಂಬರು, ಸಹಿ. ಸ್ಟೂಲಿಗೆ ಬೇಡಿಕೆ ಜಾಸ್ತಿ, ಇಂಕು ಮತ್ತೆ ಹಚ್ಚಬೇಕಾಯಿತು.

"ಅಂಗಡಿ ಮಾಲೀಕರಿಗೂ ಒಂದು ಪ್ರತಿ ಕೊಡ್ತೀರಾ ಅಕ್ಕಾ?" ಅಂದೆ.

"ಕೊಡ್ತೀನಿ. ದೀಪಾವಳಿ ವ್ಯಾಪಾರ ಮುಗೀಲಿ. ಈಗ ಕೊಟ್ರೆ ಅವರಿಗೆ ನೋಡೋಕೆ ಪುರುಸೊತ್ತಿಲ್ಲ, ನನಗೆ ಬೈಸಿಕೊಳ್ಳೋಕೆ ಪುರುಸೊತ್ತಿಲ್ಲ."

ಮುಂದಿನ ಬ್ಯಾಚಿಗೆ ಬರುವವರು ಹಳೇ ಅಂಗಿ ಹಾಕಿಕೊಂಡು ಬನ್ನಿ. ಎಣ್ಣೆ ಇಂಕು ಒಗೆದರೂ ಹೋಗುವುದಿಲ್ಲ. ಚಮಚ ಮನೆಯಿಂದಲೇ ತನ್ನಿ, ಸ್ಟೀಲಿನದು. ಪಾರಿವಾಳ ಮಾತ್ರ ಬೇಡ.