ಕಂಪ್ಯೂಟರಿನ ಪಂಪು ಗಾಳಿ ಹಿಡಿದಾಗ

ಕೇಳುಗರೆ, ನಮಸ್ಕಾರ.

ತೋಟದಲ್ಲಿ ಮೋಟಾರು ತಿರುಗುತ್ತಿದ್ದರೂ ನೀರು ಬಾರದಿದ್ದರೆ ‘ಪಂಪು ಗಾಳಿ ಹಿಡಿದಿದೆ’ ಎನ್ನುತ್ತೇವೆ. ಅದರ ಬಾಯಿಗೆ ಒಂದು ಬಿಂದಿಗೆ ನೀರು ಹೊಯ್ದು, ಗಾಳಿ ಬಿಡಿಸಿ, ಮತ್ತೆ ಚಾಲೂ ಮಾಡುತ್ತೇವೆ. ಅಪ್ಪನ ಜೊತೆ ನಿಂತು ಕಲಿತ ಈ ವಿದ್ಯೆ ನನ್ನ ಮೇಜಿನ ಕಂಪ್ಯೂಟರಿಗೂ ಬೇಕಾಯಿತು.

ಕೆಲಸ ಮಾಡುತ್ತ ಬಿಸಿಯೇರುವ ಅದರ ಮುಖ್ಯ ಚಿಪ್, ಅಂದರೆ ಪ್ರೊಸೆಸರನ್ನು ತಂಪಾಗಿಡುವುದು ದ್ರವ. ಪ್ರೊಸೆಸರಿನ ಮೇಲೊಂದು ತಾಮ್ರದ ತಟ್ಟೆ, ಅದರ ಬೆನ್ನಿಗೇ ಪುಟ್ಟ ಪಂಪು, ಎರಡು ರಬ್ಬರ್ ಕೊಳವೆ, ಆಚೆ ತುದಿಯಲ್ಲಿ ಫ್ಯಾನು ಕಟ್ಟಿದ ರೇಡಿಯೇಟರ್; ಇವೆಲ್ಲ ಸೇರಿ ಕೂಲರ್. ದ್ರವವು ಬಿಸಿಯನ್ನು ಹೊತ್ತೊಯ್ದು ಅಲ್ಲಿ ಇಳಿಸಿ ಮರಳುತ್ತದೆ. ಎಲ್ಲ ಕಡೆ ಮುಚ್ಚಿದ್ದರೂ ರಬ್ಬರಿನ ಗೋಡೆಯ ಮೂಲಕ ನೀರಿನಂಶ ವರ್ಷಗಟ್ಟಲೆ ಆವಿಯಾಗಿ ಜಾರಿಹೋಗುತ್ತದೆ. ಹೊರಗೆ ಒಂದು ತೊಟ್ಟೂ ಕಾಣದು. ಬಿಟ್ಟ ಜಾಗಕ್ಕೆ ಗಾಳಿ ಬರುತ್ತದೆ.

ಐದನೆಯ ವರ್ಷದಲ್ಲಿ ನನ್ನ ಯಂತ್ರ ಬೆಳಗ್ಗೆ ಗುಂಡಿ ಒತ್ತಿದೊಡನೆ ಗುಡುಗುಡಿ ಸೇದಿದಂತೆ ಸದ್ದು ಮಾಡತೊಡಗಿತು. ಧ್ವನಿಮುದ್ರಣ ತಿದ್ದುವ ಕೆಲಸ ನನ್ನದು. ಅದು ಬೇಗ ಕಿವಿಗೆ ಬಿತ್ತು.

ಒಂದು ಮಾತನ್ನು ಒತ್ತಿ ಹೇಳಬೇಕು. ಗಾಳಿ ಇರುವುದೇ ತಪ್ಪಲ್ಲ; ಹೊಸ ಕೂಲರಿನಲ್ಲೂ ಒಂದಿಷ್ಟು ಇರುತ್ತದೆ. ಅದು ಎಲ್ಲಿ ಕೂತಿದೆ ಎಂಬುದನ್ನು ನೋಡಬೇಕು. ಗುಳ್ಳೆ ಏರುವುದು ಎಲ್ಲಕ್ಕಿಂತ ಎತ್ತರದ ಜಾಗಕ್ಕೆ. ಅಲ್ಲಿ ರೇಡಿಯೇಟರ್ ಇದ್ದರೆ ಅದರೊಳಗಿನ ಸಣ್ಣ ತೊಟ್ಟಿಯಲ್ಲಿ ಸುಮ್ಮನಿರುತ್ತದೆ. ಪಂಪೇ ಎತ್ತರದಲ್ಲಿದ್ದರೆ ಪಂಪಿಗೆ ಸೇರುತ್ತದೆ. ಪಂಪಿನ ಬೇರಿಂಗಿಗೆ ಆ ದ್ರವವೇ ಎಣ್ಣೆ. ಒಣಗಿ ತಿರುಗಿದರೆ ಸವೆದುಹೋಗುತ್ತದೆ. ನಾನು ರೇಡಿಯೇಟರನ್ನು ಪೆಟ್ಟಿಗೆಯ ತಳದಲ್ಲಿ ಕೂರಿಸಿದ್ದೆ. ಅದನ್ನು ಮೇಲ್ಭಾಗಕ್ಕೆ ಬದಲಿಸಿ, ಪೆಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ವಾಲಿಸಿದೆ. ಸದ್ದು ಅರ್ಧಕ್ಕೆ ಇಳಿಯಿತು. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಉಳಿದರ್ಧಕ್ಕೆ ದ್ರವ ತುಂಬಬೇಕಾಯಿತು. ತುಂಬುವ ತಿರುಪು ಕೊಟ್ಟಿರುವ ಕೂಲರಿಗೆ ಮಾತ್ರ ಈ ಕೆಲಸ. ವಾರಂಟಿಯ ಷರತ್ತನ್ನು ಮೊದಲು ಓದಿಕೊಳ್ಳಿ. ಕೊಳವೆಬಾವಿಯ ನೀರು ಬೇಡವೇ ಬೇಡ. ಗೀಸರಿನೊಳಗೆ ಬಿಳಿ ಹಕ್ಕಳೆ ಕಟ್ಟುವ ಲವಣವೇ ತಾಮ್ರದ ತಟ್ಟೆಯ ಸಣ್ಣ ಸೀಳುಗಳನ್ನೂ ಮುಚ್ಚುತ್ತದೆ. ಬರೀ ಬಟ್ಟಿ ಇಳಿಸಿದ ನೀರನ್ನೂ ನೆಚ್ಚಬೇಡಿ. ರೇಡಿಯೇಟರ್ ಹೆಚ್ಚಾಗಿ ಅಲ್ಯೂಮಿನಿಯಂನದು. ತಾಮ್ರದೊಂದಿಗೆ ಒಂದೇ ದ್ರವದಲ್ಲಿ ನೆನೆದಾಗ ಅಲ್ಯೂಮಿನಿಯಂ ಸವೆಯುತ್ತದೆ. ಅದನ್ನು ತಡೆಯುವ ರಾಸಾಯನಿಕ ಬೆರೆತ, ತಯಾರಕರು ಹೇಳಿದ ದ್ರವವನ್ನೇ ತನ್ನಿ. ಅದರಲ್ಲಿ ಗ್ಲೈಕಾಲ್ ಇರಬಹುದು, ಮಕ್ಕಳ ಕೈಗೆ ಸಿಗದಂತಿಡಿ.

ಕಂಪ್ಯೂಟರಿನ ವಿದ್ಯುತ್ ತಂತಿ ಕಿತ್ತು, ಕೂಲರನ್ನು ಪೂರ್ತಿ ಹೊರತೆಗೆದು ಹಳೆಯ ಟವೆಲ್ಲಿನ ಮೇಲಿಟ್ಟೆ. ತಿರುಪು ಎಲ್ಲಕ್ಕಿಂತ ಮೇಲೆ ಬರುವಂತೆ ಆನಿಸಿ ಬಿಚ್ಚಿದೆ. ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ದ್ರವ ಬಿಟ್ಟು, ಕೊಳವೆಯನ್ನು ಹಸುವಿನ ಕೆಚ್ಚಲು ನೀವಿದಂತೆ ಮೆಲ್ಲಗೆ ಒತ್ತಿದೆ. ಬೊಳಕ್ ಎಂದು ಒಂದು ಗುಳ್ಳೆ ಬಾಯಿಗೆ ಬಂದು ಒಡೆಯಿತು. ದ್ರವದ ಮಟ್ಟ ಇಳಿಯಿತು. ಮತ್ತೆ ತುಂಬಿದೆ, ರೇಡಿಯೇಟರನ್ನು ಓರೆ ಮಾಡಿದೆ, ಮತ್ತೆ ಒತ್ತಿದೆ. ಅವಸರ ಮಾಡಿದರೆ ಗಾಳಿ ಒಡೆದು ನೊರೆಯಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಒಳಗೆ ಹೋದದ್ದು ಸುಮಾರು 15 ಮಿಲಿಲೀಟರ್.

ವಾಷರ್ ಸರಿಯಾಗಿ ಕೂತಿದೆಯೇ ಎಂದು ನೋಡಿ ತಿರುಪು ಬಿಗಿದು, ಒರೆಸಿ, ದಿನಪತ್ರಿಕೆಯ ಹಾಳೆಯ ಮೇಲೆ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹಾಳೆ ಒಣಗಿಯೇ ಇತ್ತು. ಪ್ರೊಸೆಸರಿನ ಬಿಸಿಯನ್ನು ತಟ್ಟೆಗೆ ದಾಟಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿ ಕೂರಿಸಿ, ಗುಂಡಿ ಒತ್ತಿ ಕಿವಿಗೊಟ್ಟೆ. ಮೊದಲು ಒಂದೆರಡು ಗುಳ್ಳೆ ಓಡಿದ ಸದ್ದು. ಆಮೇಲೆ ಫ್ಯಾನಿನದು ಮಾತ್ರ.

ನಮಸ್ಕಾರ.