ಮಾತ್ರೆ ಆಗಿಬರಲಿಲ್ಲ ಅಂದ್ರೆ ಏನರ್ಥ?

ಎಲ್ಲರಿಗೂ ನಮಸ್ಕಾರ. ಬಿ.ಪಿ. ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು, ‘ನನಗೆ ಆಗಿಬರಲಿಲ್ಲ ಡಾಕ್ಟ್ರೇ’. ಸರಿ, ಯಾವ ಮಾತ್ರೆ ಆಗಿಬರಲಿಲ್ಲ? ಬಿ.ಪಿ.ಗೆ ನಾಲ್ಕೈದು ಜಾತಿಯ ಮಾತ್ರೆಗಳಿವೆ. ಒಂದೊಂದರ ಕಾಟವೂ ಬೇರೆ ಬೇರೆ. ಒಂದು ಒಗ್ಗದಿದ್ದರೆ ಇನ್ನೊಂದಿದೆ. ಆದರೆ ಏನಾಯಿತು ಎಂದು ನೀವು ಬಾಯಿಬಿಟ್ಟು ಹೇಳಬೇಕು.

ಅಮ್ಲೋಡಿಪಿನ್ ತಗೊಳ್ಳುವವರು ಇಲ್ಲಿ ಬಹಳ ಜನ ಇರಬಹುದು. ಸಂಜೆ ಹೊತ್ತಿಗೆ ಕಾಲ ಗಂಟಿನ ಹತ್ತಿರ ಊತ, ಕಾಲ್ಗೆಜ್ಜೆ ಬಿಗಿ, ಬೆರಳಲ್ಲಿ ಒತ್ತಿದರೆ ಗುಳಿ. ತಕ್ಷಣ ‘ಕಿಡ್ನಿ ಹೋಯ್ತು’ ಅಂತ ಹೆದರುತ್ತಾರೆ. ಆಗುವುದಿಷ್ಟೆ: ಈ ಮಾತ್ರೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ, ವಾಪಸ್ ಒಯ್ಯುವ ನಾಳಗಳನ್ನು ಅಷ್ಟು ಹಿಗ್ಗಿಸುವುದಿಲ್ಲ. ಒತ್ತಡಕ್ಕೆ ನೀರು ಪಕ್ಕಕ್ಕೆ ಜಿನುಗುತ್ತದೆ. ಅದಕ್ಕೇ ಮೂತ್ರ ಹೋಗಿಸುವ ಮಾತ್ರೆ ನುಂಗಿದರೂ ಈ ಊತ ಅಷ್ಟಾಗಿ ಇಳಿಯದು. 5 ಮಿಲಿಗ್ರಾಂ ಇದ್ದದ್ದು 10 ಆದಾಗ ಊತ ಜಾಸ್ತಿ. ಡೋಸ್ ಇಳಿಸಿ, ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಜಾತಿಯ ಬಿ.ಪಿ. ಮಾತ್ರೆ ಜೊತೆಗೆ ಕೊಟ್ಟರೆ ಎಷ್ಟೋ ಜನರಿಗೆ ಕಮ್ಮಿಯಾಗುತ್ತದೆ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಊತದ ಜೊತೆ ಏದುಸಿರಿದ್ದರೆ, ಮಾತ್ರೆಯ ತಲೆಗೆ ಕಟ್ಟಬೇಡಿ. ಅವತ್ತೇ ತೋರಿಸಿ.

ಇನ್ನು ರಾಮಿಪ್ರಿಲ್, ಎನಲಾಪ್ರಿಲ್. ಇವು ತರುವುದು ಒಣಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಸುಮ್ನೆ ಕೆರೆತ. ಮಾತ್ರೆ ಶುರುವಾಗಿ ತಿಂಗಳುಗಳ ಮೇಲೂ ಬರಬಹುದು, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಸಿರಪ್, ಎಕ್ಸ್‌ರೇ, ಕಫ ಪರೀಕ್ಷೆ ಎಲ್ಲಾ ಮುಗಿದ ಮೇಲೆ ಯಾರೋ ಮಾತ್ರೆಯ ಹೆಸರು ಕೇಳುತ್ತಾರೆ! ಬ್ರಾಡಿಕೈನಿನ್ ಎಂಬ ವಸ್ತು ದೇಹದಲ್ಲಿ ಕರಗದೆ ಉಳಿಯುವುದೇ ಮುಖ್ಯ ಕಾರಣ. ಅಂದಹಾಗೆ, ಈ ಜಾತಿಯ ಔಷಧಿಗೆ ದಾರಿ ತೋರಿಸಿದ್ದು ಬ್ರೆಜಿಲ್‌ನ ಒಂದು ಹಾವಿನ ವಿಷ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೆಮ್ಮು ನಿಲ್ಲುತ್ತದೆ. ತುಟಿ, ನಾಲಿಗೆ ಊದಿದರೆ ಮಾತ್ರ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಓಡಿ. ಬಸುರಿಯರಿಗೆ ಈ ಜಾತಿಯೂ ಬೇಡ, ಟೆಲ್ಮಿಸಾರ್ಟನ್ ಜಾತಿಯೂ ಬೇಡ.

ಬಿ.ಪಿ.ಗೆ ಕೊಡುವ ಮೂತ್ರದ ಮಾತ್ರೆಯನ್ನು ಬೆಳಿಗ್ಗೆ ತಗೊಳ್ಳಿ, ರಾತ್ರಿ ನಿದ್ದೆ ಉಳಿಯುತ್ತದೆ. ವಯಸ್ಸಾದವರಲ್ಲಿ ಇದು ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಸಬಹುದು. ಅಜ್ಜಿ ಇದ್ದಕ್ಕಿದ್ದಂತೆ ಮಂಕಾದರು, ಏನೇನೋ ಮಾತಾಡುತ್ತಾರೆ ಅಂದರೆ ‘ಅರಳುಮರುಳು’ ಎಂದು ಸುಮ್ಮನಿರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಅಟೆನಲಾಲ್, ಮೆಟೊಪ್ರೊಲಾಲ್ ನಾಡಿ ನಿಧಾನ ಮಾಡುತ್ತವೆ. ಆಸ್ತಮಾ ಇದ್ದರೆ ಮೊದಲೇ ಹೇಳಿ. ಇವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ.

ನನಗೆ ನಿಜಕ್ಕೂ ಸಿಟ್ಟು ಬರುವುದು ಮಂಡಿನೋವಿನ ಮಾತ್ರೆಯ ಮೇಲೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಡೈಕ್ಲೊಫೆನಾಕ್ ಬಿ.ಪಿ. ಏರಿಸುತ್ತದೆ. ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ ಎರಡರ ಜೊತೆ ಅದೂ ಸೇರಿದರೆ ಕಿಡ್ನಿಗೆ ಏಟು. ಬೈಸಿಕೊಳ್ಳುವುದು ಮಾತ್ರ ಬಿ.ಪಿ. ಮಾತ್ರೆ!

ಸ್ಟ್ರಿಪ್ ತಂದವರು ಈಗ ಮುಂದೆ ಬನ್ನಿ. ಹಿಂಬದಿಯ ಸಣ್ಣ ಅಕ್ಷರ ಒಟ್ಟಿಗೇ ಓದೋಣ.